ನೆಗಡಿಗೆ ಕೋಳಿ ಸಾರು, ಏದುಸಿರಿಗೆ ಆಸ್ಪತ್ರೆ

ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಎನ್ನುತ್ತಾರೆ. ಬುಗುಡಿಯ ಮಾತು ಬಿಡಿ, ಮೊಲ್ದೋವಾದ ನುಕಾರಿ ಹಳ್ಳಿಯ ಹೆಂಗಸರು ಅದನ್ನು ಕಂಡವರಲ್ಲ. ನೆಗಡಿಯನ್ನು ಮಾತ್ರ ಚೆನ್ನಾಗಿ ಬಲ್ಲರು. ದ್ರಾಕ್ಷಿ ಕೊಯ್ಲು ಮುಗಿದು, ನೆಲಮಾಳಿಗೆಯ ಪೀಪಾಯಿಗಳಲ್ಲಿ ಹೊಸ ವೈನ್ ಗುಳುಗುಳು ಎನ್ನತೊಡಗಿದರೆ ಸಾಕು, ಊರಿನ ಮೂಗುಗಳೂ ಗುಳುಗುಳು ಎನ್ನತೊಡಗುತ್ತವೆ. ಆ ವರ್ಷವಂತೂ ಪಾದ್ರಿಗಳು ಪ್ರಾರ್ಥನೆಯ ನಡುವೆಯೇ ಸೀನಿದರು. ಅಂಚೆಯವಳು ಕೆಮ್ಮುತ್ತಾ ಬಂದು ಕೆಮ್ಮುತ್ತಾ ಹೋದಳು.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ನೆಗಡಿ ಒಂದು ಬೆಳಿಗ್ಗೆ ಪರಸ್ಕೀವಾಳ ಮನೆಗೂ ಬಂತು. ಮಗಳು ಇಲಿಂಕಾ ಊರಿನ ಬ್ರೆಡ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಎದ್ದವಳೇ ಮೂರು ಸಲ ಸೀನಿ, ಒಲೆಯ ಪಕ್ಕದ ಬೆಚ್ಚನೆಯ ಕಟ್ಟೆಯ ಮೇಲೆ ಮತ್ತೆ ಮುದುಡಿ ಮಲಗಿದಳು.

ಪರಸ್ಕೀವಾ ಮೊದಲು ಎದ್ದು ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿದಳು. ಎದುರುಬದುರಿನ ಎರಡು ಕಿಟಕಿ ತೆರೆದರೆ ನಡುವೆ ನುಗ್ಗುವ ಗಾಳಿ ಹೊಡೆದು ಆಳು ಕಾಯಿಲೆ ಬೀಳುತ್ತಾನೆ ಎಂದು ನುಕಾರಿಯಲ್ಲಿ ನಂಬದವರಿಲ್ಲ. ಆಮೇಲೆ ಬೀರುವಿನ ಡ್ರಾಯರ್ ಎಳೆದು, ಹೋದ ವರ್ಷ ತನ್ನ ಹಲ್ಲು ಕೀಳಿಸಿದಾಗ ಕೊಟ್ಟಿದ್ದ ಆಂಟಿಬಯೋಟಿಕ್ ಮಾತ್ರೆಗಳಲ್ಲಿ ಉಳಿದವನ್ನು ಹುಡುಕಿ ತೆಗೆದಳು.

"ತಗೋ, ನುಂಗು."

"ಅಮ್ಮಾ, ಇದು ನಿನ್ನ ಹಲ್ಲಿಗೆ ಕೊಟ್ಟಿದ್ದು. ನಂಗೆ ಸೋರ್ತಾ ಇರೋದು ಮೂಗು."

"ಹಲ್ಲೂ ಮೂಗೂ ಅಕ್ಕಪಕ್ಕದ ಮನೆಯವೇ. ಬಾಯ್ಮುಚ್ಕೊಂಡು ನುಂಗು."

"ಬಾಯಿ ಮುಚ್ಕೊಂಡು ಹೇಗಮ್ಮ ನುಂಗೋದು?" ಎಂದು ಇಲಿಂಕಾ ಕಂಬಳಿಯೊಳಗಿಂದ ನಕ್ಕಳು. ನಕ್ಕದ್ದೇ ಕೆಮ್ಮು ಬಂತು. ಆ ಕೆಮ್ಮು ಕೇಳಿ ಪರಸ್ಕೀವಾ ಮಾತ್ರೆಯನ್ನೂ ನೀರಿನ ಲೋಟವನ್ನೂ ಮತ್ತೆ ಮುಂದೆ ಚಾಚಿದಳು.

ಅಷ್ಟರಲ್ಲಿ ಬೇಲಿಯಾಚೆಯಿಂದ ಕೋಳಿಯ ಕೂಗು ಕೇಳಿಸಿತು. ಪಕ್ಕದ ಮನೆಯ ತ್ರಿಫಾನ್ ಕಂಕುಳಲ್ಲಿ ಒಂದು ಮುದಿ ಹೇಂಟೆಯನ್ನು ಅಮುಕಿಕೊಂಡು ಬಾಗಿಲಿಗೆ ಬಂದ. ಮದುವೆಗಳಲ್ಲಿ ತುತ್ತೂರಿ ಊದುವವನು ಅವನು. ಪರಸ್ಕೀವಾಳ ಗಂಡ ಗ್ರಿಗೋರೆ ಬದುಕಿದ್ದಾಗ ಅದೇ ತಂಡದಲ್ಲಿ ಡೋಲು ಬಾರಿಸುತ್ತಿದ್ದ. ಇಬ್ಬರೂ ಚಡ್ಡಿ ಹಾಕುವ ಕಾಲದಿಂದ ಗೆಳೆಯರು.

"ತಂಗೀ, ಹುಡುಗಿ ಸೀನಿದ್ದು ನಮ್ಮನೆ ತನಕ ಕೇಳಿಸ್ತು. ತಗೋ ಈ ಮಾರಾಯ್ತೀನ. ಮೊಟ್ಟೆ ಇಡೋದು ಬಿಟ್ಟು ವರ್ಷ ಆಯ್ತು, ಬರೀ ಭಾಷಣ ಮಾಡ್ತಾಳೆ. ಸಾರು ಮಾಡು, ಮಗು ಎದ್ದು ಕುಣಿಯತ್ತೆ."

ಪರಸ್ಕೀವಾಳ ಮುಖ ಬಿಗಿಯಿತು. "ವಾಪಸ್ ತಗೊಂಡು ಹೋಗಿ ಅಣ್ಣಾ. ನಮ್ಮನೇಲಿ ಕಾಯಿಲೆಯವರಿಗೆ ಕೋಳಿ ಸಾರು ಮಾಡಲ್ಲ. ನಿಮಗೆ ಗೊತ್ತಿಲ್ವಾ?"

ತ್ರಿಫಾನನಿಗೆ ಗೊತ್ತಿತ್ತು. ನಾಲಿಗೆ ಕಚ್ಚಿಕೊಂಡ. ಹೇಂಟೆಯನ್ನು ಅಂಗಳದ ಬುಟ್ಟಿಯಡಿ ಕವುಚಿ ಹೊರಟ. ಮನೆಗೆ ಹೋಗಲಿಲ್ಲ. ನೇರವಾಗಿ ಆರೋಗ್ಯ ಕೇಂದ್ರಕ್ಕೆ ಹೋಗಿ ನರ್ಸ್ ಔರಿಕಾಳ ಕಿವಿಗೆ ವಿಷಯ ಹಾಕಿದ.

ಔರಿಕಾ ಅದೇ ಊರಿನ ಮಗಳು. ಅವಳು ಪರಸ್ಕೀವಾಳ ಮನೆಗೆ ಬಂದು, ಕೈ ತೊಳೆದುಕೊಂಡು ಇಲಿಂಕಾಳ ಪಕ್ಕ ಕೂತಳು. ಹಣೆ ಮುಟ್ಟಿದಳು, ಜ್ವರ ಅಳೆದಳು, ಗಂಟಲು ನೋಡಿದಳು. ಆಮೇಲೆ ಹುಡುಗಿಯ ಎದೆ ಏರಿಳಿಯುವುದನ್ನೇ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಾ ಕೂತಳು.

"ನೆಗಡಿ. ಬರೀ ನೆಗಡಿ ಅಕ್ಕಾ. ಮೂಗಿರೋ ತನಕ ಇದು ತಪ್ಪಿದ್ದಲ್ಲ. ಆ ಮಾತ್ರೆ ಇಲ್ಲಿ ಕೊಡಿ."

"ಯಾಕೆ? ಒಳ್ಳೇ ಮಾತ್ರೆ ಅದು. ಹಲ್ಲಿನ ಬಾವು ಎರಡೇ ದಿನಕ್ಕೆ ಇಳಿದಿತ್ತು."

"ಅದು ಹಲ್ಲಿನ ಕೀವಿಗೆ. ನೆಗಡಿ ತರೋ ವೈರಸ್ಸೇ ಬೇರೆ, ಈ ಮಾತ್ರೆ ಅದರ ಕೂದಲೂ ಕೊಂಕಿಸಲ್ಲ. ಇಲಿ ಬೋನು ತಂದು ಸೊಳ್ಳೆ ಹಿಡೀತೀನಿ ಅಂದ ಹಾಗಾಯ್ತು. ಸುಮ್‌ಸುಮ್ನೆ ನುಂಗ್ತಾ ಹೋದ್ರೆ ಹೊಟ್ಟೆ ಕೆಡತ್ತೆ. ಅದಕ್ಕಿಂತ ಹೆಚ್ಚಾಗಿ, ನಾಳೆ ನಿಜವಾಗಿ ಬೇಕಾದಾಗ ಮಾತ್ರೆ ಕೈ ಕೊಡತ್ತೆ."

"ಮತ್ತೆ ಏನು ಕೊಡ್ಲಿ? ಸುಮ್ನೆ ನೋಡ್ತಾ ಕೂತಿರ್ಲಾ?"

"ಅಂಗಳದಲ್ಲಿ ಬುಟ್ಟಿ ಕೆಳಗೆ ಒಬ್ಬಳು ಕೂಗ್ತಾ ಇದಾಳಲ್ಲ, ಅವಳನ್ನ ಸಾರು ಮಾಡಿ ಕೊಡಿ."

ಪರಸ್ಕೀವಾ ಧಡಕ್ಕನೆ ಎದ್ದು ನಿಂತಳು. "ನೀನೂ ಅದನ್ನೇ ಹೇಳ್ತೀಯಾ ಔರಿಕಾ? ಸಾರು ಸಾರು ಅಂತಾನೇ ನನ್ನ ಗಂಡ ಹೋಗಿದ್ದು!"

ಇಲಿಂಕಾ ಕಂಬಳಿ ಸರಿಸಿ ಅಮ್ಮನ ಕಡೆ ತಿರುಗಿದಳು. ಅಪ್ಪನ ಮಾತನ್ನು ಅಮ್ಮ ಬಾಯಿಬಿಟ್ಟು ಆಡಿದ್ದನ್ನು ಅವಳು ಕೇಳಿ ಎಷ್ಟೋ ಕಾಲವಾಗಿತ್ತು.

"ಇದೇ ಮೇಜು," ಎಂದಳು ಪರಸ್ಕೀವಾ. "ಇಲ್ಲೇ ಕೂರಿಸಿ ದಿನಾ ಬಟ್ಟಲು ಬಟ್ಟಲು ಕುಡಿಸ್ದೆ. ಅತ್ತೆ ಹೇಳಿದ್ರು ಕುಡಿಸು ಅಂತ, ಊರೋರೆಲ್ಲ ಹೇಳಿದ್ರು ಕುಡಿಸು ಅಂತ. ನೆಗಡಿ ತಾನೇ, ಹೋಗತ್ತೆ ಅಂದ್ರು. ಹೋಗಿದ್ದು ನೆಗಡಿ ಅಲ್ಲ. ಕೊನೇ ಗಳಿಗೇಲಿ ಆಸ್ಪತ್ರೆಗೆ ಒಯ್ದೆ, ತಡವಾಗಿತ್ತು. ಅಲ್ಲಿಂದ ನಾನೊಬ್ಬಳೇ ವಾಪಸ್ ಬಂದಾಗ ಅರ್ಧ ಬಟ್ಟಲು ಸಾರು ಇಲ್ಲೇ ಇತ್ತು, ಮೇಲೆ ಜಿಡ್ಡು ಹೆಪ್ಪುಗಟ್ಟಿತ್ತು. ಅವತ್ತಿಂದ ಈ ಒಲೆ ಮೇಲೆ ಕಾಯಿಲೆಗೆ ಅಂತ ಕೋಳಿ ಏರಿಸಿಲ್ಲ ನಾನು. ಈಗ ಇರೋದು ಇವಳೊಬ್ಳು. ಇವಳನ್ನೂ ಕಳ್ಕೊಳ್ಳಲಾ?"

ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಭಯ. ಔರಿಕಾ ಅವಳನ್ನು ಗದರಲಿಲ್ಲ, ನಗಲೂ ಇಲ್ಲ. ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು.

"ಅಕ್ಕಾ, ಒಂದು ಕೇಳ್ತೀನಿ. ಕೊನೇ ದಿನಗಳಲ್ಲಿ ಗ್ರಿಗೋರೆ ಅಣ್ಣಂಗೆ ಉಸಿರು ಹೇಗಿತ್ತು?"

ಪರಸ್ಕೀವಾ ಯೋಚಿಸಿದಳು. ಊರಲ್ಲಿ ಯಾರೂ ಅವಳನ್ನು ಅದನ್ನು ಕೇಳಿರಲಿಲ್ಲ. "ಏದುಸಿರು. ಕೂತಲ್ಲೇ ಏದುಸಿರು ಬಿಡ್ತಿದ್ರು, ಗುಡ್ಡ ಹತ್ತಿ ಬಂದವರ ಹಾಗೆ. ಒಂದು ಮಾತು ಪೂರ್ತಿ ಆಡೋಕಾಗ್ತಿರ್ಲಿಲ್ಲ. 'ಪರಸ್ಕೀವಾ' ಅನ್ನೋದ್ರೊಳಗೆ ಎರಡು ಸಲ ಉಸಿರು ಎಳೀತಿದ್ರು."

"ಜ್ವರ?"

"ಬಿಟ್ಟೇ ಇರ್ಲಿಲ್ಲ. ಮಧ್ಯೆ ಒಂದಿನ ಇಳಿದಿತ್ತು. ವಾಸಿಯಾಯ್ತು ಅಂದ್ಕೊಂಡೆ. ಮಾರನೇ ದಿನ ಮತ್ತೆ ಏರ್ತು. ಮಾತೂ ಎಲ್ಲೆಲ್ಲೋ ಹೋಗ್ತಿತ್ತು. ಎಂದೋ ಸತ್ತ ಕುದುರೆಗೆ ಹುಲ್ಲು ಹಾಕು ಅಂತಿದ್ರು."

"ಅದು ನೆಗಡಿ ಅಲ್ಲ ಅಕ್ಕಾ. ಸೋಂಕು ಎದೆಗೆ ಇಳಿದಿತ್ತು. ನ್ಯುಮೋನಿಯಾ. ಸಾರು ಅವರನ್ನ ಕೊಲ್ಲಲಿಲ್ಲ. ಸಾರು ಪಾಪ ತನ್ನ ಕೈಲಾದ ಕೆಲಸ ಮಾಡ್ತು. ಆಸ್ಪತ್ರೆ ಕೆಲಸ ಅದರ ಕೈಲಿ ಆಗಲ್ಲ."

"ಹಾಗಾದ್ರೆ ನಾನು ನೋಡ್ಕೊಳ್ಳಲಿಲ್ಲ ಅಂತಾನಾ?" ಪರಸ್ಕೀವಾ ಕಣ್ಣು ಒರೆಸಿಕೊಂಡಳು.

"ನೋಡ್ಕೊಂಡ್ರಿ. ಏನನ್ನ ನೋಡ್ಬೇಕು ಅಂತ ಯಾರೂ ನಿಮಗೆ ಹೇಳಿಕೊಡ್ಲಿಲ್ಲ, ಅಷ್ಟೇ. ಬನ್ನಿ, ಈಗ ಇವಳನ್ನ ನೋಡಿ."

ಔರಿಕಾ ಅವಳ ಕೈಯನ್ನು ಇಲಿಂಕಾಳ ಪಕ್ಕೆಯ ಮೇಲಿಟ್ಟಳು. ಉಸಿರು ನಿಧಾನವಾಗಿ, ಸಲೀಸಾಗಿ ಬಂದು ಹೋಗುತ್ತಿತ್ತು. ತುಟಿಗೆ ಬಣ್ಣವಿತ್ತು. ಜ್ವರ ಇತ್ತು, ಸುಡುವಂಥದ್ದಲ್ಲ. ಎಲ್ಲಕ್ಕಿಂತ ಮಿಗಿಲಾಗಿ ನಾಲಿಗೆ ಚುರುಕಾಗಿತ್ತು.

"ಕಚಗುಳಿ ಇಡ್ತಾ ಇದೀಯಾ ಅಮ್ಮಾ? ಸಾರು ಮಾಡೋದಾದ್ರೆ ಮಾಡು, ಇಲ್ದಿದ್ರೆ ಆ ಕೋಳೀನ ಬಿಟ್ಟುಬಿಡು. ಕೂಗಿ ಕೂಗಿ ಅದಕ್ಕೂ ಗಂಟಲು ಕಟ್ಟಿದೆ."

ಪರಸ್ಕೀವಾಳಿಗೆ ಅಳುವಿನ ನಡುವೆಯೇ ನಗು ಬಂತು. ಆದರೂ ಅವಳು ಸುಲಭಕ್ಕೆ ಸೋಲುವವಳಲ್ಲ. "ಸರಿ, ಸಾರು ಕುಡಿದ್ರೆ ನೆಗಡಿ ನಾಳೆಗೇ ಹೋಗತ್ತಾ? ಹೇಳು ನೋಡೋಣ."

"ನಾಳೆಗೆ ಹೋಗತ್ತೆ ಅಂದ್ರೆ ನಾನು ಸುಳ್ಳಿ. ನೆಗಡಿ ಒಂದು ವಾರ ಇದ್ದೇ ಹೋಗೋದು, ಕೆಮ್ಮು ಇನ್ನೂ ಸ್ವಲ್ಪ ದಿನ ಕಾಡತ್ತೆ. ಆದ್ರೆ ಆ ವಾರ ಹೇಗೆ ಕಳೀತೀರಿ ಅನ್ನೋದಿದೆಯಲ್ಲ? ಬಿಸಿ ಸಾರಿನ ಹಬೆಗೆ ಕಟ್ಟಿದ ಮೂಗು ಸಡಿಲ ಆಗತ್ತೆ, ಗಂಟಲಿಗೆ ಹಿತ ಆಗತ್ತೆ. ಜ್ವರಕ್ಕೆ ಮೈಯಿಂದ ಹೋಗೋ ನೀರೂ ಉಪ್ಪೂ ವಾಪಸ್ ಸೇರತ್ತೆ. ಏನೂ ಸೇರದ ಬಾಯಿಗೆ ಇದು ಸೇರತ್ತೆ, ಮೈಗೆ ತ್ರಾಣ ಬರತ್ತೆ. ಜೊತೆಗೆ ನಿದ್ದೆ ಮಾಡ್ಲಿ, ನೀರು ಕುಡೀಲಿ. ಮತ್ತೆ ಆ ಕಿಟಕಿ ಸ್ವಲ್ಪ ತೆಗೀರಿ."

"ಕಿಟಕೀನಾ! ಗಾಳಿ ಹೊಡೆಯಲ್ವಾ?"

"ಮುಚ್ಚಿದ ಕೋಣೇಲಿ ಇವಳು ಸೀನಿದ್ದನ್ನೇ ನೀವು ಉಸಿರಾಡ್ತೀರಿ. ಕಂಬಳಿ ಹೊದಿಸಿ, ಕಿಟಕಿ ತೆಗೀರಿ. ಗಾಳಿ ಹೊಡೆದು ಸತ್ತವರನ್ನ ನಾನಂತೂ ಈ ಊರಲ್ಲಿ ನೋಡಿಲ್ಲ."

ಅಂತೂ ಒಲೆಯ ಮೇಲೆ ದೊಡ್ಡ ಪಾತ್ರೆ ಏರಿತು. ಮುದಿ ಹೇಂಟೆಯ ಗುಣವೇ ಅದು, ಬೇಯಲು ಹೊತ್ತು ಹಿಡಿಯುತ್ತದೆ, ರಸ ಮಾತ್ರ ಧಾರಾಳವಾಗಿ ಬಿಡುತ್ತದೆ. ಪರಸ್ಕೀವಾ ಕೋಳಿ ಕೊಯ್ದು ತೊಳೆದ ಕೈಯನ್ನು, ಹಲಗೆಯನ್ನು, ಚಾಕುವನ್ನು ಸೋಪು ಹಚ್ಚಿ ತಿಕ್ಕಿದಳು. ತಣ್ಣೀರಿಗೇ ಕೋಳಿ ಹಾಕಿ, ಸಣ್ಣ ಉರಿಯಲ್ಲಿಟ್ಟು, ಮೇಲೆ ಬಂದ ನೊರೆ ತೆಗೆಯುತ್ತಾ ನಿಂತಳು. ಸಿಪ್ಪೆಯೊಂದಿಗೇ ಒಂದು ಈರುಳ್ಳಿ ಬಿತ್ತು, ಕ್ಯಾರೆಟ್ ಬಿತ್ತು. ಮಾಂಸ ಎಲುಬು ಬಿಡುವಷ್ಟು ಬೆಂದ ಮೇಲೆ ಮನೆಯಲ್ಲೇ ಲಟ್ಟಿಸಿ ಎಳೆಎಳೆಯಾಗಿ ಕೊಯ್ದ ಶಾವಿಗೆ ಬಿತ್ತು. ಕೊನೆಗೆ ಗೋಧಿ ಬೂಸಾ ನೆನೆಸಿ ಹುಳಿ ಬರಿಸಿದ ನೀರು ಸೇರಿತು, ಹಿತ್ತಲಿನ ಘಮಘಮ ಸೊಪ್ಪು ಸೇರಿತು. ವರ್ಷಗಳ ಮೇಲೆ ಆ ಮನೆಯಲ್ಲಿ ಆ ವಾಸನೆ ಎದ್ದಿತು. ಸೌಟು ಹಿಡಿದ ಪರಸ್ಕೀವಾ ಗಂಡನನ್ನು ನೆನೆದು ಅತ್ತಳು. ಅತ್ತು ಹಗುರಾದಳು.

ಇಲಿಂಕಾ ಮೊದಲ ಬಟ್ಟಲು ಮುಗಿಸಿ ಮೂಗು ಸೀಟಿದಳು. ಎರಡನೇ ಬಟ್ಟಲು ಮುಗಿಸಿ, "ಅಮ್ಮಾ, ವಾಸನೆ ಗೊತ್ತಾಗ್ತಾ ಇದೆ!" ಎಂದಳು. ಮಾತ್ರೆ ಡ್ರಾಯರಿನಲ್ಲಿ ಉಳಿಯಲಿಲ್ಲ, ಔರಿಕಾ ಅದನ್ನು ಚೀಲಕ್ಕೆ ಹಾಕಿಕೊಂಡು ಹೋಗಿದ್ದಳು. ವಾರ ತುಂಬುವಷ್ಟರಲ್ಲಿ ಹುಡುಗಿ ಬ್ರೆಡ್ ಅಂಗಡಿಗೆ ಹೊರಟು ನಿಂತಳು.

ಆಮೇಲೆ ಪರಸ್ಕೀವಾಳನ್ನು ಹಿಡಿಯುವವರೇ ಇಲ್ಲ. ಯಾರ ಮನೆಯಲ್ಲಿ ಕೆಮ್ಮು ಕೇಳಿದರೂ ಅಲ್ಲಿ ಅವಳು ಪಾತ್ರೆ ಸಮೇತ ಹಾಜರು. ಅಂಚೆಯವಳಿಗೆ ಸಾರು, ಅಲ್ಲಿನ ಪಾದ್ರಿಗಳು ಸಂಸಾರಸ್ಥರು, ಅವರ ಹೆಂಡತಿಗೂ ಸಾರು. ಊರಿನ ಕೋಳಿಗಳು ಅವಳ ನೆರಳು ಕಂಡರೆ ಬೇಲಿ ಹಾರುವಂತಾಯಿತು. ಆದರೆ ಬಟ್ಟಲು ಕೈಗೆ ಕೊಟ್ಟು ಅವಳು ಎದ್ದು ಬರುತ್ತಿರಲಿಲ್ಲ. ಔರಿಕಾ ಕೂತ ಹಾಗೆಯೇ ಪಕ್ಕ ಕೂತು, ಮಾತಾಡಿಸುತ್ತಾ, ಉಸಿರು ನೋಡುತ್ತಿದ್ದಳು.

ಅತ್ತ ತ್ರಿಫಾನನಿಗೆ ಮದುವೆಗಳ ಸುಗ್ಗಿ. ಕ್ರಿಸ್‌ಮಸ್‌ಗೆ ಮುಂಚಿನ ಉಪವಾಸ ಶುರುವಾದರೆ ಮದುವೆ ನಡೆಯುವಂತಿಲ್ಲ, ಹಾಗಾಗಿ ಉಳಿದ ಭಾನುವಾರಗಳಲ್ಲಿ ಊರೂರಿಗೂ ಮದುವೆ. ಚಳಿಯಲ್ಲಿ ಅಂಗಳದಲ್ಲಿ ನಿಂತು ತುತ್ತೂರಿ ಊದುತ್ತಿದ್ದ. ಕೆಮ್ಮು ಬಂದರೆ ಮೆಣಸು ಹಾಕಿ ಕುದಿಸಿದ ವೈನ್ ಏರಿಸಿ ಮತ್ತೆ ಊದುತ್ತಿದ್ದ. "ಅಣ್ಣಾ, ಮಲಗಿ ಸ್ವಲ್ಪ," ಎಂದು ಪರಸ್ಕೀವಾ ಬೇಲಿಯಾಚೆಯಿಂದ ಕೂಗಿದರೆ, "ನಾನು ಮಲಗಿದ್ರೆ ತವರು ಬಿಡೋ ಹಾಡು ಊದಿ ಮದುಮಗಳನ್ನ ಯಾರು ಅಳಿಸ್ತಾರೆ?" ಎಂದು ನಗುತ್ತಿದ್ದ.

ಕೊನೆಯ ಮದುವೆ ಮುಗಿಸಿ ಬಂದವನು ಹಾಸಿಗೆ ಹಿಡಿದ. ಪರಸ್ಕೀವಾ ಆಗ ತನ್ನ ತಂಗಿಯ ಊರಿಗೆ ಹೋಗಿದ್ದಳು. ವಾಪಸ್ಸಾದ ಬೆಳಿಗ್ಗೆಯೇ ಸುದ್ದಿ ತಿಳಿದು, ಸಾರಿನ ಪಾತ್ರೆಗೆ ಬಟ್ಟೆ ಸುತ್ತಿ ಹಿಡಿದುಕೊಂಡು ಪಕ್ಕದ ಮನೆಗೆ ಹೋದಳು.

ಬಾಗಿಲು ತೆರೆದದ್ದೇ ಬೆವರು, ವೈನ್, ಹೊಗೆ ಎಲ್ಲ ಸೇರಿದ ಸೆಕೆ ಮುಖಕ್ಕೆ ಹೊಡೆಯಿತು. ಕಿಟಕಿಯ ಸಂದುಗಳಿಗೆಲ್ಲ ಹಳೇ ಬಟ್ಟೆ ತುರುಕಿತ್ತು. ತ್ರಿಫಾನನ ಹೆಂಡತಿ ವಾರ್ವಾರಾ ಸಡಗರದಿಂದ ಎದ್ದು ಬಂದಳು. "ಬಂದ್ಯಾ ಮಾರಾಯ್ತಿ! ನೀನು ಹೇಳಿದ ಹಾಗೇ ಮಾಡಿದೀನಿ ನೋಡು, ದಿನಾ ಕೋಳಿ ಸಾರು. ಇವತ್ತು ಎರಡೇ ಚಮಚ ಕುಡಿದ್ರು. ಸಂಜೆಗೆ ಸರಿಹೋಗ್ತಾರೆ."

ಪರಸ್ಕೀವಾ ಹಾಸಿಗೆಯ ಬಳಿ ಹೋದಳು. ತ್ರಿಫಾನ್ ದಿಂಬಿಗೊರಗಿ ಕೂತಿದ್ದ. ಮಲಗಲು ಆಗುತ್ತಿರಲಿಲ್ಲ. ಎದೆ ಕುಲುಮೆಯ ತಿದಿಯ ಹಾಗೆ ಏರಿಳಿಯುತ್ತಿತ್ತು. ತುಟಿ ನೀಲಿಗಟ್ಟಿತ್ತು.

"ಅಣ್ಣಾ, ಹೇಗಿದೀರಿ?"

"ತಂ... ಗೀ..." ಉಸಿರು ಎಳೆದುಕೊಂಡ. "ಗ್ರಿಗೋರೆ... ಬಂದ್ನಾ? ಡೋಲು... ತಂದ್ನಾ?"

ಪರಸ್ಕೀವಾಳಿಗೆ ಗುರುತು ಸಿಕ್ಕಿತು. ಅದೇ ಉಸಿರು, ಅದೇ ದಿಕ್ಕೆಟ್ಟ ಮಾತು. ಕಣ್ಣ ಮುಂದೆ ಗಂಡ ಕೂತ ಹಾಗೆ ಕಂಡಿತು. ಒಂದು ಗಳಿಗೆ ಅಲ್ಲಿಂದ ಓಡಿಹೋಗೋಣ ಎನಿಸಿತು. ಓಡಲಿಲ್ಲ. ಪಾತ್ರೆಯನ್ನು ನೆಲಕ್ಕಿಟ್ಟು ಫೋನ್ ತೆಗೆದಳು.

"ವಾರ್ವಾರಕ್ಕಾ, ಕಿಟಕಿ ತೆಗಿ. ಅಣ್ಣನ ಬಟ್ಟೆ ಕಟ್ಟು. ಆಂಬುಲೆನ್ಸ್ ಕರೀತೀನಿ."

"ಆಂಬುಲೆನ್ಸಾ! ನೆಗಡಿಗೆ? ಊರೋರು ನಗ್ತಾರೆ ಕಣೇ! ಸಾರು ಕುಡಿದ್ರೆ ಹೋಗತ್ತೆ ಅಂತ ಊರು ತುಂಬಾ ಸಾರಿದ್ದು ನೀನೇ ಅಲ್ವಾ?"

"ನಾನೇ. ನೆಗಡಿಗೆ ಅಂದಿದ್ದೆ. ಇದು ನೆಗಡಿ ಅಲ್ಲ. ಉಸಿರು ನೋಡು ಅಕ್ಕಾ, ತುಟಿ ನೋಡು! ಸತ್ತವರು ಬಂದ್ರಾ ಅಂತ ಕೇಳ್ತಾ ಇದಾರೆ!"

"ಇನ್ನೊಂದಿನ ನೋಡೋಣ. ತ್ರಾಣ ಇಲ್ದೋರನ್ನ ಈ ಚಳೀಲಿ ಹೊರಗೆ ಒಯ್ದು..."

"ಆ ಇನ್ನೊಂದು ದಿನ ನಾನೂ ನೋಡಿದ್ದೆ!" ಪರಸ್ಕೀವಾ ಕೂಗಿದಳು. "ನೋಡಿ ನಂಗೇನು ಸಿಕ್ತು ಅಂತ ನಿಂಗೆ ಗೊತ್ತಿಲ್ವಾ?"

ವಾರ್ವಾರಾ ಕಿಟಕಿಗೆ ತುರುಕಿದ್ದ ಬಟ್ಟೆಗಳನ್ನು ಕಿತ್ತು ಕಿತ್ತು ಎಸೆದಳು.

ಪರಸ್ಕೀವಾ ಆಂಬುಲೆನ್ಸಿಗೂ ಔರಿಕಾಳಿಗೂ ಫೋನ್ ಮಾಡಿದಳು. ಔರಿಕಾ ಓಡಿ ಬಂದು ತ್ರಿಫಾನನ ಬೆರಳಿಗೆ ಸಣ್ಣ ಯಂತ್ರ ಸಿಕ್ಕಿಸಿ ಆಮ್ಲಜನಕದ ಮಟ್ಟ ನೋಡಿದಳು. ಅವಳ ಮುಖ ನೋಡಿದರೇ ಸಾಕಿತ್ತು, ಬೇರೆ ಹೇಳಬೇಕಿರಲಿಲ್ಲ. ಆಂಬುಲೆನ್ಸ್ ಬಂತು. ಬೀದಿಯ ಜನ ಗೇಟುಗಳಲ್ಲಿ ನಿಂತು ನೋಡಿದರು, ಯಾರೂ ನಗಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ ಇಳಿದಿತ್ತು. ಆಮ್ಲಜನಕ ಹಾಕಿದರು, ರಕ್ತನಾಳಕ್ಕೇ ಆಂಟಿಬಯೋಟಿಕ್ ಕೊಟ್ಟರು. ಇಲ್ಲಿ ಅದು ಬೇಕಾದ ಮದ್ದು, ಬೇಕಾದ ರೋಗಕ್ಕೆ, ವೈದ್ಯರ ಕೈಯಿಂದ.

ವೈದ್ಯೆ ವಾರ್ವಾರಾಳಿಗೆ ಹೇಳಿದ್ದು ಒಂದೇ ಮಾತು: "ಸರಿಯಾದ ಹೊತ್ತಿಗೆ ಕರ್ಕೊಂಡು ಬಂದ್ರಿ. ತಡ ಮಾಡಿದ್ರೆ ಕಷ್ಟ ಇತ್ತು."

ತ್ರಿಫಾನ್ ಮನೆಗೆ ಬಂದಾಗ ಹಿಮ ಬಿದ್ದಿತ್ತು. ಅಂಗಿ ಮೈಮೇಲೆ ಜೋತಾಡುತ್ತಿತ್ತು, ಕೆನ್ನೆ ಒಳಗೆ ಹೋಗಿದ್ದವು. ಬಂದ ಮಾರನೇ ದಿನವೇ ಹೆಂಡತಿಯ ತೋಳು ಹಿಡಿದು ಪರಸ್ಕೀವಾಳ ಮನೆಗೆ ಬಂದು ಮೇಜಿನ ಮುಂದೆ ಕೂತ.

"ಏನು ತಂಗೀ, ಆಸ್ಪತ್ರೆ ಸಾರಿಗೆ ಉಪ್ಪಿಲ್ಲ, ಹುಳಿಯಿಲ್ಲ. ನನ್ನನ್ನ ಅಲ್ಲಿಗೆ ಕಳಿಸಿದವಳು ನೀನಂತೆ. ದಂಡ ಕಟ್ಟು."

ಪರಸ್ಕೀವಾ ನಕ್ಕಳು. ಬಟ್ಟಲು ತುಂಬಾ ಬಿಸಿ ಸಾರು ಬಡಿಸಿದಳು. ತ್ರಿಫಾನ್ ಒಂದು ಚಮಚ ಬಾಯಿಗಿಟ್ಟು, ಚಮಚ ಕೆಳಗಿಟ್ಟ. ಅವನ ಕಣ್ಣು ತುಂಬಿದ್ದವು.

"ಗ್ರಿಗೋರೆಗೂ ಹೀಗೇ ಆಗಿತ್ತಲ್ವಾ?" ಎಂದ. "ನಾನೂ ಆಗ ನೆಗಡಿ ತಾನೇ ಅಂದಿದ್ದೆ, ತಂಗೀ."

"ಎಲ್ಲರೂ ಅಂದ್ವಿ ಅಣ್ಣಾ. ಯಾರಿಗೂ ಗೊತ್ತಿರ್ಲಿಲ್ಲ." ಪರಸ್ಕೀವಾ ಮೇಲಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು. "ಅವರನ್ನ ಉಳಿಸ್ಕೊಳ್ಳೋಕೆ ಆಗ್ಲಿಲ್ಲ. ನಿಮ್ಮನ್ನ ಉಳಿಸ್ಕೊಂಡ್ವಿ. ಈಗ ಕುಡೀರಿ, ಆರಿ ಹೋಗತ್ತೆ."

ಅವನು ಕುಡಿದ. ಬಟ್ಟಲಿನಲ್ಲಿ ಒಂದು ಹನಿಯೂ ಉಳಿಸಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ನಾಳೆ ಯಾರಾದರೂ ಸೀನಿಯೇ ಸೀನುತ್ತಾರೆ. ಹೆದರಬೇಡಿ. ಬಿಸಿಬಿಸಿ ಕೋಳಿ ಸಾರು ಮಾಡಿ ಕೊಡಿ. ಕೋಳಿ ತಿನ್ನದವರು ಬೇಳೆ ಕಟ್ಟಿನ ಸಾರೋ ಮೆಣಸಿನ ಸಾರೋ ಮಾಡಿ, ಅದೂ ಬಿಸಿಯೇ, ಅದೂ ಹಿತವೇ. ರಕ್ತದೊತ್ತಡ ಇರುವವರಿಗೆ ಉಪ್ಪು ಕಡಿಮೆ ಹಾಕಿ. ಆರು ತಿಂಗಳು ತುಂಬದ ಕೂಸಿಗೆ ಸಾರು ಬೇಡ, ಎದೆಹಾಲೇ ಸಾಕು. ಅಷ್ಟು ಎಳೆಯ ಕೂಸಿಗೆ ಜ್ವರ ಬಂದರೆ ಮಾತ್ರ ಕಾಯದೆ ತೋರಿಸಿ. ಕಿಟಕಿ ತೆರೆಯಿರಿ, ಕೈ ತೊಳೆಯಿರಿ, ಮಲಗಲು ಬಿಡಿ. ಡ್ರಾಯರಿನಲ್ಲಿ ಉಳಿದ ಹಳೇ ಆಂಟಿಬಯೋಟಿಕ್ ಮಾತ್ರೆ ಮುಟ್ಟಬೇಡಿ.

ಬಟ್ಟಲು ಕೊಟ್ಟ ಮೇಲೆ ಎದ್ದು ಹೋಗದೆ ಒಂದು ಗಳಿಗೆ ಪಕ್ಕದಲ್ಲಿ ಕೂತು ಉಸಿರು ನೋಡಿ. ಕೂತಲ್ಲೇ ಏದುಸಿರು ಬಂದರೆ, ಮಗುವಿನ ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಮಾತು ದಿಕ್ಕೆಟ್ಟರೆ, ಎದೆ ನೋವೆಂದರೆ, ಕುಡಿದದ್ದೇನೂ ನಿಲ್ಲದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಜ್ವರ ಮೂರು ದಿನ ಕಳೆದರೂ ಬಿಡದಿದ್ದರೆ, ಇಳಿದ ಜ್ವರ ಮತ್ತೆ ಏರಿದರೆ ವೈದ್ಯರಿಗೆ ತೋರಿಸಿ. ನುಕಾರಿಗೆ ಔರಿಕಾ ಇದ್ದ ಹಾಗೆ ನಿಮ್ಮ ಊರಿಗೂ ಆಶಾ ಕಾರ್ಯಕರ್ತೆ ಇದ್ದಾರೆ, ಅವರನ್ನು ಕೇಳಿ. ಊರವರು ನಗುತ್ತಾರೆಂದು ಕಾಯಬೇಡಿ. ನಕ್ಕರೆ ನಗಲಿ, ನಿಮ್ಮ ಮನೆಯವರು ಮನೆಗೆ ವಾಪಸ್ ಬರಲಿ.